ರಾಗಿ ಹೊಕ್ಕ ಫೋನು

೧೧ ನವೆಂಬರ್ ೨೦೨೪, ಸೋಮವಾರ

ಗಂಗಲಕ್ಷ್ಮಿಯ ಫೋನು ಇವತ್ತು ನೀರಿಗೆ ಬಿತ್ತು. ಬೀಳಿಸಿದವನು ನಾನೇ. ಬೆಳಿಗ್ಗೆ ಬಡಾವಣೆಗೆ ನೀರು ಬಿಟ್ಟು ಬಂದು, ಮುಖ ತೊಳೆಯಲು ಡ್ರಮ್ಮಿಗೆ ಬಗ್ಗಿದೆ. ಅಂಗಿಯ ಜೇಬಿನಿಂದ ಜಾರಿತು. ಹೆಂಡತಿ ತೀರಿಹೋದ ಮೇಲೆ ಡ್ಯೂಟಿಗೆ ಹೋಗುವಾಗ ಅದನ್ನೂ ಇಟ್ಟುಕೊಂಡು ಹೋಗುವುದು ಅಭ್ಯಾಸವಾಗಿದೆ. ಅದಕ್ಕೆ ಯಾರೂ ಕರೆ ಮಾಡುವುದಿಲ್ಲ. ಸುಮ್ಮನೆ ಇಟ್ಟುಕೊಂಡಿದ್ದು, ಬಂದ ಮೇಲೆ ಹಜಾರದ ಗೂಡಿನಲ್ಲಿ ಇಡುತ್ತೇನೆ.

ನನ್ನ ಜೊತೆ ವಾಲ್ವ್ ತಿರುಗಿಸುವ ವೆಂಕಟರಂಗಯ್ಯನಿಗೆ ಫೋನ್ ಮಾಡಿ ಕೇಳಿದೆ. ಒಂದು ದಿನ ಅಕ್ಕಿಯಲ್ಲಿ ಹೂತಿಡು, ಅಕ್ಕಿ ನೀರು ಹೀರಿಕೊಳ್ಳುತ್ತದೆ ಎಂದ. ಅಕ್ಕಿ ಮೂಟೆ ಇರುವುದು ಅಡುಗೆಮನೆಯಲ್ಲಿ. ಅಲ್ಲಿ ಅತ್ತೆ ಇದ್ದರು. ಅವರು ಅಡುಗೆಮನೆಯಲ್ಲಿದ್ದರೆ ನಾನು ಒಳಗೆ ಹೋಗುವುದಿಲ್ಲ. ನಾನು ಹಜಾರದಲ್ಲಿದ್ದರೆ ಅವರು ಹೊರಗೆ ಬರುವುದಿಲ್ಲ. ಅಳಿಯನ ಎದುರು ಅತ್ತೆ ನಿಲ್ಲಬಾರದು, ಮುಖ ಕೊಟ್ಟು ಮಾತಾಡಬಾರದು ಎನ್ನುವುದು ಅವರ ಕಡೆಯ ಪದ್ಧತಿ. ಅವರ ಊರಾದ ಸಿ.ಎಸ್. ಪುರದಲ್ಲೇ ಈಗ ಯಾರೂ ಅಷ್ಟು ಪಾಲಿಸುವುದಿಲ್ಲ. ಇವರು ಬಿಟ್ಟಿಲ್ಲ. ನನ್ನ ಮದುವೆಯಾದಾಗಿನಿಂದ ಅವರ ಮಾತು ನನಗೆ, ನನ್ನ ಮಾತು ಅವರಿಗೆ ತಲುಪುತ್ತಿದ್ದದ್ದು ಗಂಗಲಕ್ಷ್ಮಿಯ ಬಾಯಿಂದಲೇ.

ಹಜಾರದಲ್ಲಿ ರಾಗಿ ಡಬ್ಬ ಇತ್ತು. ಮಿಲ್ಲಿಗೆ ಹಾಕಿಸಲು ತೊಳೆದು ಒಣಗಿಸಿಟ್ಟ ರಾಗಿ. ಯಾವ ಕಾಳಾದರೇನು ಎಂದು ಫೋನನ್ನು ಅದರಲ್ಲೇ ಹೂತಿಟ್ಟೆ.

ಈಗ ಅತ್ತೆ ಮಾತಾಡುವುದು ಬೆಕ್ಕಿನ ಹತ್ತಿರ. ನನಗೆ ಕೇಳಿಸುವಷ್ಟು ಗಟ್ಟಿಯಾಗಿ. ಹತ್ತು ಗಂಟೆಗೆ ಒಳಗಿನಿಂದ ಕೇಳಿಸಿತು: “ಏನೇ ಬೆಕ್ಕೇ, ಇವತ್ತು ರೇಡಿಯಾನೂ ಮುಳುಗೋಯ್ತಂತೆ.”

೧೨ ನವೆಂಬರ್, ಮಂಗಳವಾರ

ಫೋನು ಬದುಕಿತು. ದೀಪ ಹತ್ತಿತು, ಗಂಟೆ ತೋರಿಸಿತು. ಆದರೆ ಕಿವಿಗೆ ಇಟ್ಟುಕೊಳ್ಳುವ ವೈರಿನ ಪಿನ್ನು ಅದರ ತೂತಿನೊಳಗೆ ಹೋಗುತ್ತಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಒಳಗೆ ರಾಗಿ ಕಾಳು. ಒಂದಲ್ಲ, ಎರಡೋ ಮೂರೋ. ಒದ್ದೆಯಲ್ಲಿ ಊದಿಕೊಂಡು ಕಚ್ಚಿ ಕೂತಿವೆ. ಸೂಜಿಯಿಂದ ಕೆದಕಿದೆ. ಇನ್ನೂ ಒಳಗೆ ಹೋದವು.

ಈ ಫೋನಿನಲ್ಲಿ ರೇಡಿಯೊ ಹಾಡಬೇಕಾದರೆ ವೈರ್ ಚುಚ್ಚಲೇಬೇಕು. ಇಲ್ಲದಿದ್ದರೆ ಮೊದಲು ವೈರ್ ಚುಚ್ಚಿ ಎಂದು ಬರೆದು ತೋರಿಸುತ್ತದೆ, ಅಷ್ಟೆ. ಗಂಗಲಕ್ಷ್ಮಿಗೆ ಮೂತ್ರಪಿಂಡದ ಕಾಯಿಲೆ ಶುರುವಾದಾಗ ಅತ್ತೆ ನೋಡಿಕೊಳ್ಳಲು ಬಂದರಲ್ಲ, ಆಗಿನಿಂದ ದಿನಾ ಹತ್ತು ಗಂಟೆಗೆ ಅಮ್ಮ ಮಗಳು ಹಜಾರದ ಚಾಪೆಯ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದರು. ಒಂದೇ ವೈರು. ಒಂದು ತುದಿ ಇವರ ಕಿವಿಗೆ, ಇನ್ನೊಂದು ಅವಳ ಕಿವಿಗೆ. ನಾನು ಡ್ಯೂಟಿ ಮುಗಿಸಿ ಬಂದು ರೂಮಿನಲ್ಲಿ ಮಲಗಿರುತ್ತಿದ್ದೆ. ಬಾಗಿಲ ಸಂದಿಯಿಂದ ಇಬ್ಬರ ತಲೆ ಕಾಣುತ್ತಿತ್ತು. ಒಮ್ಮೊಮ್ಮೆ ಇಬ್ಬರೂ ಒಟ್ಟಿಗೆ ನಗುತ್ತಿದ್ದರು, ಯಾಕೆಂದು ನನಗೆ ಗೊತ್ತಾಗುತ್ತಿರಲಿಲ್ಲ. ನನ್ನ ಕಿವಿಗೆ ಬೀಳಬಾರದ್ದು ಅದರಲ್ಲಿ ಏನಿದೆಯೋ ಎಂದು ಕೋಪವೂ ಬಂದದ್ದುಂಟು.

ಅವಳು ಹೋದ ಮೇಲೂ ಅತ್ತೆ ಅಲ್ಲೇ ಕೂರುತ್ತಿದ್ದರು. ಒಂದು ತುದಿ ಕಿವಿಯಲ್ಲಿ. ಇನ್ನೊಂದನ್ನು ಪಕ್ಕದಲ್ಲಿ ಚಾಪೆಯ ಮೇಲೆ ಇಡುತ್ತಿದ್ದರು.

೧೪ ನವೆಂಬರ್, ಗುರುವಾರ

ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ತೋರಿಸಿದೆ. ಅಂಗಡಿಯವನು ಸಣ್ಣ ಟಾರ್ಚು ಬಿಟ್ಟು ನೋಡಿ, “ಏನ್ ಅಂಕಲ್, ಮುದ್ದೆ ಮಾಡೋಕೆ ಇಟ್ಟಿದ್ರಾ?” ಅಂದ. ನನಗೂ ನಗು ಬಂತು. ಹೊರಗೆ ಬಂದ ಮೇಲೆ, ನಕ್ಕದ್ದು ತಪ್ಪಾಯಿತೇನೋ ಅನ್ನಿಸಿತು.

ಈ ಫೋನಿನ ಸಾಮಾನು ಈಗ ಬರುವುದಿಲ್ಲವಂತೆ. ಬಿಚ್ಚಿದರೆ ಪೂರ್ತಿ ಹೋಗಬಹುದಂತೆ. ಹೊಸದು ತಗೊಳ್ಳಿ ಎಂದು ಕೆಲವನ್ನು ತೋರಿಸಿದ. ತಿರುಗಿಸಿ ಮುರುಗಿಸಿ ನೋಡಿದೆ, ಅವುಗಳಲ್ಲಿ ವೈರಿನ ತೂತೇ ಇಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ, ಒಳ್ಳೆ ಫೋನಿಗೆ ಯಾರೂ ಇಡುವುದಿಲ್ಲ, ಎಲ್ಲಾ ವೈರಿಲ್ಲದ್ದೇ ಎಂದ. ಯಾಕೆ ತೆಗೆದರು ಎಂದು ಕೇಳಿದೆ. ಫೋನು ತೆಳ್ಳಗಾಗುತ್ತದೆ, ಬ್ಯಾಟರಿಗೆ ಜಾಗ ಸಿಗುತ್ತದೆ, ಒಳಗೆ ನೀರು ಹೋಗುವುದಿಲ್ಲ ಎಂದ. ನೀರಿನ ಮಾತು ಬಂದ ಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟೆ.

೧೭ ನವೆಂಬರ್, ಭಾನುವಾರ

ಕುಣಿಗಲ್‌ನಿಂದ ಮಗಳು ಪೂಜಾ ಬಂದಿದ್ದಳು. ಹೊಸ ಫೋನು ತಂದಿದ್ದಾಳೆ. ಅದರ ಜೊತೆ ಸಣ್ಣ ಡಬ್ಬಿ, ಅದರೊಳಗೆ ಹುರುಳಿಕಾಯಿಯ ಬೀಜದಂಥ ಎರಡು. ಅವೇ ಕಿವಿಗಂತೆ. ಕುಂಕುಮದ ಭರಣಿಯ ಹಾಗೆ ಮುಚ್ಚಿಡಬೇಕು, ಡಬ್ಬಿಯನ್ನು ಚಾರ್ಜಿಗೆ ಹಾಕಬೇಕು, ಬೀಜಗಳು ಡಬ್ಬಿಯಿಂದ ಚಾರ್ಜ್ ಕುಡಿಯುತ್ತವೆ.

ಇಂಟರ್‌ನೆಟ್ಟಿನಲ್ಲಿ ರೇಡಿಯೊ ಬರುವ ಹಾಗೂ ಮಾಡಿಕೊಟ್ಟಳು. ಒಂದು ತೂತು ಇಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದೆ. ಅಪ್ಪ, ಬಳಸದೆ ಇರೋದನ್ನ ಯಾಕೆ ಇಡ್ತಾರೆ, ಲ್ಯಾಂಡ್‌ಲೈನ್ ಹೋದಾಗ ಕಣ್ಣೀರು ಹಾಕಿದ್ಯಾ ಎಂದು ಕೇಳಿದಳು. ಅದೂ ಸರಿಯೇ. ಆದರೂ ನಾನು ಯೋಚಿಸಿದೆ. ನಮ್ಮ ಬೀದಿಯಲ್ಲಿ ಮನೆಮನೆಗೆ ನಲ್ಲಿ ಬಂದ ಮೇಲೂ ಮೂಲೆಯ ಬೀದಿ ನಲ್ಲಿಯನ್ನು ಕಿತ್ತಿಲ್ಲ. ಹಿಡಿಯುವವರು ನಾಲ್ಕೇ ಜನ. ಆ ನಾಲ್ಕು ಜನರಿಗೆ ಬೇರೆ ನಲ್ಲಿ ಇಲ್ಲ.

ಅವಳ ಅಜ್ಜಿ ಅಡುಗೆಮನೆಯಲ್ಲೇ ಕೂತು ಆ ಬೀಜವನ್ನು ಕಿವಿಗೆ ಇಡಿಸಿಕೊಂಡರು. ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿದಳಂತೆ. “ಯಾರವ್ವಾ ನೀನು?” ಅಂದರು ಅತ್ತೆ. ಪೂಜಾ ಬಿದ್ದು ಬಿದ್ದು ನಕ್ಕಳು. ಹೊರಡುವಾಗ ಗೇಟಿನ ಹತ್ತಿರ ಅತ್ತಳು.

೨೦ ನವೆಂಬರ್, ಬುಧವಾರ

ಹೊಸದು ಅತ್ತೆಗೆ ಒಗ್ಗುತ್ತಿಲ್ಲ. ಕಿವಿಯಿಂದ ಜಾರುತ್ತದೆ. ನಿನ್ನೆ ಒಂದು ಹುಳಿ ಪಾತ್ರೆಯ ಪಕ್ಕಕ್ಕೆ ಬಿತ್ತು. ಮೊನ್ನೆ ಬೆಕ್ಕು ಉರುಳಿಸಿಕೊಂಡು ಹೋಗಿ ಸಿಲಿಂಡರಿನ ಹಿಂದೆ ಹಾಕಿತ್ತು. ಅವರ ಒಣಗಿದ ಬೆರಳಿಗೆ ಹೊಸ ಫೋನಿನ ಗಾಜು ಓಗೊಡುವುದಿಲ್ಲ. ಒತ್ತಿ ಒತ್ತಿ, ಕೊನೆಗೆ ಬೆಕ್ಕಿನ ಪಂಜವನ್ನು ಹಿಡಿದು ಒತ್ತಿಸಿ ನೋಡಿದರು. ಅದಕ್ಕೆ ಓಗೊಟ್ಟಿತು!

ನಾನೇನೂ ಹೊಸದರ ವಿರೋಧಿಯಲ್ಲ. ಇವತ್ತು ಡ್ಯೂಟಿಯಲ್ಲಿ ಹಾಕಿಕೊಂಡು ನೋಡಿದೆ. ವಾಲ್ವಿನ ಕೀಲಿ ತಿರುಗಿಸುವಾಗ ವೈರಿದ್ದರೆ ಸಿಕ್ಕಿಕೊಳ್ಳುತ್ತದೆ, ಇದರಲ್ಲಿ ಆ ತೊಂದರೆಯಿಲ್ಲ. ಹಾಗೆ ನೋಡಿದರೆ ಒಳ್ಳೆಯದೇ.

ಹತ್ತು ಗಂಟೆಗೆ ಬಾಗಿಲ ಸಂದಿಯಿಂದ ನೋಡಿದೆ. ಅತ್ತೆ ಚಾಪೆಯ ಮೇಲೆ ಕೂತಿದ್ದರು. ಒಂದು ಬೀಜ ಕಿವಿಯಲ್ಲಿ. ಇನ್ನೊಂದನ್ನು ಇಡಲು ಜಾಗ ಗೊತ್ತಾಗದೆ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಕಾರ್ಯಕ್ರಮ ಮುಗಿಯುವವರೆಗೂ ಮುಷ್ಟಿ ಬಿಚ್ಚಲಿಲ್ಲ.

೨೧ ನವೆಂಬರ್, ಗುರುವಾರ

ನೀರು ಬಿಟ್ಟೆ. ಬಂದೆ. ಮಲಗಿದೆ. ನಿದ್ದೆ ಬರಲಿಲ್ಲ.

೨೬ ನವೆಂಬರ್, ಮಂಗಳವಾರ

ಗುಬ್ಬಿಯಲ್ಲಿ ಹಳೆಯ ಫೋನು ಸರಿಮಾಡುವವನಿದ್ದಾನೆ ಎಂದು ಯಾರೋ ಹೇಳಿದ್ದರಿಂದ ಹೋಗಿದ್ದೆ. ಅವನೂ ಕೈ ಹಾಕಲು ಒಪ್ಪಲಿಲ್ಲ. ಕಮ್ಮಿ ರೇಟಿನ ಫೋನುಗಳಲ್ಲಿ ತೂತು ಇನ್ನೂ ಬರುತ್ತದೆ ಎಂದು ಒಂದನ್ನು ತೋರಿಸಿದ. ತೂತು ಈಗ ಬಡವರ ಫೋನಿನ ಗುರುತಂತೆ. ಕೊಳ್ಳೋಣವೆಂದು ಕೈಯಲ್ಲಿ ಹಿಡಿದೆ. ಆಮೇಲೆ ಕೆಳಗಿಟ್ಟೆ. ಅತ್ತೆಗೆ ಬೇಕಿರುವುದು ಮಗಳು ಮುಟ್ಟಿದ ಫೋನು ಎಂದು ಅನ್ನಿಸಿತು. ನನಗೂ ಹಾಗೇ.

ತೆಂಗಿನಕಾಯಿ ಮಂಡಿಯಲ್ಲಿ ಚಿಕ್ಕಮಾರಯ್ಯ ಸಿಕ್ಕಿದ. ಗಂಗಲಕ್ಷ್ಮಿಯ ತಮ್ಮ. ಟೀ ಕುಡಿಸಿದ. ಆಮೇಲೆ ಗ್ಲಾಸನ್ನು ತಿರುಗಿಸುತ್ತಾ ಹೇಳಿದ.

“ಬಾವ, ಅಕ್ಕ ಇದ್ದಾಗ ಅದು ಮಗಳ ಮನೆ. ಈಗ ಬರೀ ಅಳಿಯನ ಮನೆ. ಅವ್ವನಿಗೂ ಮುಜುಗರ, ನಿಮಗೂ ಕಷ್ಟ. ಜನ ಏನಂತಾರೆ? ಮುಂದಿನ ತಿಂಗಳು ಎರಡನೇ ಭಾನುವಾರ ಬಂದು ಊರಿಗೆ ಕರ್ಕೊಂಡೋಗ್ತೀನಿ.”

“ಜನ ನಮ್ಮನ್ನ ನೆನೆಯೋದು ನೀರು ಬರದ ದಿನ ಮಾತ್ರ ಕಣಪ್ಪ” ಎಂದೆ. ಅವನು ನಕ್ಕ, ಆದರೆ ಮಾತು ಬದಲಿಸಲಿಲ್ಲ. ಅವರಿಷ್ಟ ಎಂದು ಹೇಳಿ ಬಸ್ಸು ಹತ್ತಿದೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಮನೆಗೆ ಬಂದ ಮೇಲೆ ಈ ವಿಷಯವನ್ನು ಅತ್ತೆಗೆ ತಿಳಿಸಬೇಕಿತ್ತು. ಯಾರ ಬಾಯಲ್ಲಿ ತಿಳಿಸುವುದು? ಬೆಕ್ಕು ಕಿಟಕಿಯ ಮೇಲೆ ಮಲಗಿತ್ತು. “ಬೆಕ್ಕೇ, ಚಿಕ್ಕಮಾರಯ್ಯ ಎರಡನೇ ಭಾನುವಾರ ಬರ್ತಾನಂತೆ” ಎಂದು ಗಟ್ಟಿಯಾಗಿ ಹೇಳಿದೆ. ಹೇಳುವಾಗ ನಾಚಿಕೆಯಾಯಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಶುರುವಾಯಿತು.

೨೮ ನವೆಂಬರ್, ಗುರುವಾರ

ರಜೆ ಹಾಕಿ ಕುಣಿಗಲ್‌ಗೆ ಹೋಗಿ ಬಂದೆ. ಪೂಜಾಳಿಗೆ ಹುರಿಹಿಟ್ಟು ಕೊಡಬೇಕಿತ್ತು. ಅವಳ ಅಜ್ಜಿ ಕಟ್ಟಿ, ಹಜಾರದ ಮೇಜಿನ ಮೇಲೆ ಇಟ್ಟಿದ್ದರು.

ಬಸ್ಸಿನಲ್ಲಿ ಎಲ್ಲರ ಕಿವಿಯಲ್ಲೂ ಬೀಜಗಳೇ. ಮುಂದಿನ ಸೀಟಿನಲ್ಲಿ ಮಾತ್ರ ಕಾಲೇಜಿನ ಇಬ್ಬರು ಹುಡುಗಿಯರು ಒಂದೇ ವೈರಿನ ಎರಡು ತುದಿ ಹಾಕಿಕೊಂಡಿದ್ದರು. ಹಂಪ್ ಬಂದಾಗಲೆಲ್ಲ ಒಬ್ಬಳ ಕಿವಿಯಿಂದ ಕಿತ್ತುಬರುತ್ತದೆ ಎಂದು ಇಬ್ಬರೂ ತಲೆಗೆ ತಲೆ ಒತ್ತಿಕೊಳ್ಳುತ್ತಿದ್ದರು. ಒಬ್ಬಳು ಇಳಿಯುವ ಊರು ಬಂದರೂ ಹಾಡು ಮುಗಿದಿರಲಿಲ್ಲ. ಬಾಗಿಲ ತನಕ ಇನ್ನೊಬ್ಬಳೂ ಎದ್ದುಹೋದಳು.

ಇದನ್ನು ಪೂಜಾಳಿಗೆ ಹೇಳಿದೆ. ಬೀಜಗಳನ್ನೂ ಇಬ್ಬರು ಹಂಚಿಕೊಳ್ಳಬಹುದಲ್ಲಪ್ಪ, ಬೇಕಾದರೆ ಒಬ್ಬರು ಹಜಾರದಲ್ಲಿ, ಒಬ್ಬರು ರೂಮಿನಲ್ಲಿ ಕೂತು ಕೇಳಬಹುದು ಎಂದಳು. ಹೌದು. ಹಾಗೆ ಕೇಳಬಹುದು. ಅದೇ ಅಲ್ಲವೇ ತೊಂದರೆ ಎಂದುಕೊಂಡೆ.

ಅಮ್ಮ, ಅಜ್ಜಿ ಗುಟ್ಟಾಗಿ ಏನು ಕೇಳುತ್ತಿದ್ದರು ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಗುಟ್ಟೇನಪ್ಪಾ? ನೀನು ನಾಲ್ಕು ಗಂಟೆಗೆ ಎದ್ದು ಹೋಗಿ ಬಂದು ಮಲಗ್ತಿದ್ಯಲ್ಲ. ಜೋರಾಗಿ ಇಟ್ರೆ ನಿನ್ ನಿದ್ದೆ ಕೆಡುತ್ತೆ ಅಂತ ಅಜ್ಜೀನೇ ನನ್ ಕೈಲಿ ಆ ವೈರ್ ತರಿಸಿದ್ದು.”

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಗಾಳಿ ಚೆನ್ನಾಗಿತ್ತು.

೨ ಡಿಸೆಂಬರ್, ಸೋಮವಾರ

ಎರಡು ದಿನದಿಂದ ಮೋಡ, ತುಂತುರು. ಹಳೆಯ ಫೋನು ಹಜಾರದ ಗೂಡಿನಲ್ಲಿ ಇರಲಿಲ್ಲ. ಹುಡುಕಿದರೆ ಹಿತ್ತಿಲಿನಲ್ಲಿ ಮೊರದ ಮೇಲೆ ಇತ್ತು. ಒಣಮೆಣಸಿನಕಾಯಿಯ ಪಕ್ಕದಲ್ಲಿ, ಮೇಲೆ ಒಂದು ತೆಳು ಬಟ್ಟೆ. ತುಂತುರು ಬಿದ್ದರೆ ಒಳಗೆ ತರುತ್ತಾರೆ, ನಿಂತರೆ ಹೊರಗಿಡುತ್ತಾರೆ. ಒಳಗೆ ತರುವ ಮುಂಚೆ ಫೋನನ್ನು ತಲೆಕೆಳಗು ಮಾಡಿ ಮೊರಕ್ಕೆ ಮೆಲ್ಲಗೆ ತಟ್ಟುತ್ತಾರೆ. ಎಷ್ಟು ದಿನದಿಂದ ಮಾಡುತ್ತಿದ್ದಾರೋ ನನಗೆ ಗೊತ್ತಿಲ್ಲ. ಈ ಮೋಡದಲ್ಲಿ ಏನು ಒಣಗೀತು ಎಂದುಕೊಂಡೆ.

೫ ಡಿಸೆಂಬರ್, ಗುರುವಾರ

ಇವತ್ತು ನಾನು ಮಾಡಿದ್ದು ಸರಿಯಾಗಲಿಲ್ಲ. ಊರಿಗೆ ಹೋದರೆ ಅತ್ತೆಗೆ ರೇಡಿಯೊ ಬೇಕಾಗುತ್ತದಲ್ಲ ಎಂದು ಹೊಸ ಫೋನಿಗೆ ಚಾರ್ಜ್ ತುಂಬಿಸಿ, ಬೀಜದ ಡಬ್ಬಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿ ಅವರ ಬಟ್ಟೆಗಂಟಿನ ಮೇಲೆ ಇಟ್ಟೆ. ಬೆರಳಿಗೆ ಓಗೊಡುವುದಿಲ್ಲ ಎಂದು ಚಿಕ್ಕಮಾರಯ್ಯನ ಮನೆಯವರು ಒತ್ತಿಕೊಡಲಿ ಅಂತ ಚೀಟಿಯನ್ನೂ ಅಂಟಿಸಿದ್ದೆ.

ಸಂಜೆ ಅಡುಗೆಮನೆಯಿಂದ ಕೇಳಿಸಿತು.

“ನೋಡ್ದೇನೇ ಬೆಕ್ಕೇ. ಭಾನುವಾರ ಬರೋಕ್ಮುಂಚೇನೇ ಪೂಜಾನಪ್ಪ ಸಾಮಾನು ಕಟ್ಟಿ ಮಡಗವ್ರೆ.”

ನಾನು ಕಳಿಸಲು ಇಟ್ಟದ್ದಲ್ಲ. ಹಾಗೆಂದು ಹೇಳಬೇಕು ಅನ್ನಿಸಿತು. ಇಂಥದ್ದನ್ನು ಬೆಕ್ಕಿಗೆ ಹೇಳಲಾಗುವುದಿಲ್ಲ. ಎದುರು ನಿಂತು ಹೇಳಬೇಕು. ಎದುರು ನಿಂತರೆ ಅವರು ಒಳಗೆ ಹೋಗುತ್ತಾರೆ. ಗಂಗಲಕ್ಷ್ಮಿ ಇದ್ದಿದ್ದರೆ ಒಂದೇ ಮಾತಿಗೆ ಮುಗಿಯುತ್ತಿತ್ತು. ಗಂಗಲಕ್ಷ್ಮಿ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಮುದ್ದೆ ಇವತ್ತು ಒಂದು ಬದಿ ಗಟ್ಟಿಯಾಗಿತ್ತು. ಅವರು ಯಾವತ್ತೂ ಹಾಗೆ ಮಾಡಿದವರಲ್ಲ.

೭ ಡಿಸೆಂಬರ್, ಶನಿವಾರ

ಬಿಸಿಲು ಬಂತು.

೮ ಡಿಸೆಂಬರ್, ಭಾನುವಾರ

ಡ್ಯೂಟಿ ಮುಗಿಸಿ ಬಂದಾಗ ಅತ್ತೆಯ ಬಟ್ಟೆಗಂಟು ಬಾಗಿಲ ಹತ್ತಿರ ಇತ್ತು. ನಾನು ತಿಂಡಿ ತಿಂದು ರೂಮಿಗೆ ಹೋಗಿ ಮಲಗಿದೆ. ನಿದ್ದೆ ಬಂದಿರಲಿಲ್ಲ. ಹಿತ್ತಿಲಿನಿಂದ ತಟ್ಟುವ ಸದ್ದು ಬರುತ್ತಿತ್ತು, ಟಪ್, ಟಪ್. ಆಮೇಲೆ ನಿಂತುಹೋಯಿತು. ಅತ್ತೆ ಹಜಾರಕ್ಕೆ ಬಂದರು. ಬಾಗಿಲ ಸಂದಿಯಿಂದ ನೋಡಿದೆ. ಮೊರವನ್ನು ಬೆಳಕಿಗೆ ಹಿಡಿದು ಅದರಿಂದ ಏನನ್ನೋ ಬೆರಳ ತುದಿಗೆ ಅಂಟಿಸಿಕೊಂಡು ನೋಡಿದರು. ರಾಗಿ ಕಾಳು. ಒಣಗಿ ಮೊದಲಿಗಿಂತ ಚಿಕ್ಕದಾಗಿರಬೇಕು. ತಾವಾಗಿಯೇ ಉದುರಿವೆ. ಅವರು ಅವನ್ನು ಎಸೆಯಲಿಲ್ಲ, ಡಬ್ಬಕ್ಕೇ ಹಾಕಿದರು.

ಗೂಡಿನಿಂದ ವೈರ್ ತೆಗೆದು ಚುಚ್ಚಿದರು. ಟಕ್ ಎಂದು ಕೂತಿತು. ರೂಮಿನವರೆಗೂ ಕೇಳಿಸಿತು.

ಆಮೇಲೆ ಚಾಪೆ ಹಾಸಿ, ಮೊದಲಿನ ಜಾಗದಲ್ಲೇ ಕೂತು ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡರು. ಇನ್ನೊಂದನ್ನು ಪಕ್ಕದಲ್ಲಿ ಚಾಪೆಯ ಮೇಲೆ ಇಟ್ಟರು.

ನಾನು ಯಾಕೆ ಎದ್ದೆನೋ ಗೊತ್ತಿಲ್ಲ. ಹೋಗಿ ಚಾಪೆಯ ಅಂಚಿನಲ್ಲಿ ಕೂತೆ. ಅವರು ಎದ್ದು ಒಳಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಸೆರಗನ್ನು ಮುಂದಕ್ಕೆ ಎಳೆದುಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ನಾನು ಆ ತುದಿಯನ್ನು ಎತ್ತಿಕೊಂಡೆ. ಅದರ ರಬ್ಬರು ಒಂದು ಕಡೆ ಸವೆದಿದೆ, ಗಂಗಲಕ್ಷ್ಮಿಯ ಕಿವಿಯ ಓಲೆ ತಾಗಿ. ಕಿವಿಗೆ ಇಡಲು ಹೋದರೆ ವೈರು ಸಾಲದು. ಒಂದಿಷ್ಟು ಸರಿದೆ. ಆಗಲೂ ಸಾಲದು. ಇನ್ನೊಂದಿಷ್ಟು ಸರಿದೆ. ಈಗ ಅವರು ಎದ್ದರೆ ನನ್ನ ಕಿವಿಯಿಂದ ಕಿತ್ತುಬರುತ್ತದೆ. ಅವರು ಏಳಲಿಲ್ಲ.

ಯಾರೋ ತೆಂಗಿನ ಮರಕ್ಕೆ ಬರುವ ಕಪ್ಪುತಲೆ ಹುಳದ ವಿಷಯ ಹೇಳುತ್ತಿದ್ದರು. ಇಷ್ಟು ದಿನ ಇವರು ನಗುತ್ತಿದ್ದದ್ದು ಇದಕ್ಕಾ ಎಂದುಕೊಂಡೆ. ಅಷ್ಟರಲ್ಲಿ ಫೋನ್ ಮಾಡಿದ ರೈತನೊಬ್ಬ, ನಮ್ಮ ಮರಕ್ಕೆ ಹುಳ ಇಲ್ಲ ಸಾರ್, ನಮ್ಮ ದಾಯಾದಿ ಮರಕ್ಕೆ ಬಂದೈತೆ, ಹೇಳ್ಬೇಕೋ ಬೇಡ್ವೋ ಎಂದು ಕೇಳಿದ. ಅತ್ತೆಯ ಹೆಗಲು ಅಲುಗಿತು. ನನಗೂ ತಡೆಯಲಾಗಲಿಲ್ಲ.

ಹಾಗೆ ಕೂತಿದ್ದಾಗಲೇ ಚಿಕ್ಕಮಾರಯ್ಯ ಬಂದ. ಬಾಗಿಲಲ್ಲೇ ನಿಂತುಬಿಟ್ಟ. ಚಪ್ಪಲಿ ಬಿಡುವುದನ್ನೂ ಮರೆತ. ಒಮ್ಮೆ ನನ್ನನ್ನು, ಒಮ್ಮೆ ತನ್ನ ಅವ್ವನನ್ನು ನೋಡಿ, “ಏನ್ ಬಾವ ಇದು?” ಅಂದ.

“ವೈರ್ ಇಷ್ಟೇ ಉದ್ದ ಇರೋದು ಕಣಪ್ಪ” ಅಂದೆ.

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಟೋ ನಿಲ್ಲಿಸಿದ್ದೇನೆ, ಹೊರಡೋಣವೇ ಎಂದು ಅವ್ವನನ್ನು ಕೇಳಿದ. ಅವರು ಗೋಡೆಯನ್ನೇ ನೋಡುತ್ತಿದ್ದರು. ನಾನು ಮಾತಾಡಬೇಕಾದ ಹೊತ್ತು ಅದು ಎಂದು ಗೊತ್ತಾಯಿತು. ಬೆಕ್ಕು ಅಲ್ಲೇ ಇತ್ತು, ಆದರೆ ನಾನು ಅದರ ಕಡೆ ನೋಡಲಿಲ್ಲ.

“ಅವರು ಇಲ್ಲೇ ಇರ್ಲಿ, ಚಿಕ್ಕಮಾರಯ್ಯ. ನಾನು ಕಳಿಸೋಕೆ ಅಂತ ಏನೂ ಕಟ್ಟಿಡ್ಲಿಲ್ಲ. ಒಬ್ರೇ ಕೇಳಿದ್ರೆ ಆ ಇನ್ನೊಂದು ತುದಿ ಸುಮ್ನೆ ಬಿದ್ದಿರುತ್ತೆ.”

ರೇಡಿಯೊದಲ್ಲಿ ಹುಳಕ್ಕೆ ಯಾವ ಔಷಧಿ ಎಂದು ಹೇಳಿ ಮುಗಿಸಿದರು. ಆಮೇಲೆ ಅತ್ತೆ ಗೋಡೆಯ ಕಡೆಯೇ ತಿರುಗಿಕೊಂಡು ಮಗನಿಗೆ ಹೇಳಿದರು.

“ಚಪ್ಪಲಿ ಬುಟ್ಟು ಕುಂತ್ಕೊಳ್ಲಾ. ಕಾಫಿ ಕುಡ್ಕೊಂಡೋಗು. ಗಂಟಿನ್ ಮ್ಯಾಲೆ ಹೊಸಾ ಫೋನೈತೆ, ನೀನೇ ತಕೊಂಡೋಗು. ತೂತಿಲ್ದಿದ್ದು ನಮಗ್ಯಾಕೆ?”

ಚಿಕ್ಕಮಾರಯ್ಯ ಆಟೋದವನನ್ನೂ ಒಳಗೆ ಕರೆದ. ಇಬ್ಬರೂ ಕಾಫಿ ಕುಡಿದು, ಫೋನು ತೆಗೆದುಕೊಂಡು ಹೋದರು. ಹೋಗುವಾಗ ಚಿಕ್ಕಮಾರಯ್ಯ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಪೂಜಾಳಿಗೆ ಇದನ್ನು ಹೇಗೆ ಹೇಳುವುದೋ ಯೋಚಿಸಬೇಕು.

೧೧ ಡಿಸೆಂಬರ್, ಬುಧವಾರ

ಪೈಪ್ ಒಡೆದು ನೀರು ತಡವಾಯಿತು. ಬೈಸಿಕೊಂಡು ಮನೆಗೆ ಬರುವಷ್ಟರಲ್ಲಿ ಹತ್ತು ಗಂಟೆ ದಾಟಿತ್ತು. ರೇಡಿಯೊ ಇನ್ನೂ ಹಾಕಿರಲಿಲ್ಲ, ಚಾಪೆ ಮಾತ್ರ ಹಾಸಿತ್ತು. ಅರ್ಧ ಕಾರ್ಯಕ್ರಮ ಸಿಕ್ಕಿತು. ಆಮೇಲೆ ಮಲಗಿದೆ. ಒಳ್ಳೆ ನಿದ್ದೆ.

ರಾಗಿ ಮಿಲ್ಲಿಗೆ ಹಾಕಿಸಬೇಕು. ಅಕ್ಕಿ ಮುಗಿದಿದೆ ಎಂದು ಅಡುಗೆಮನೆಯಿಂದ ಅಮ್ಮ ನನಗೇ ಹೇಳಿದರು. ಒಳಗೆ ಹೋಗಿ ಮೂಟೆ ನೋಡಿದೆ, ಹೌದು, ತಳದಲ್ಲಿ ಒಂದು ಹೊತ್ತಿಗಾಗುವಷ್ಟಿದೆ. ನಾಳೆ ತರಬೇಕು.

ಬೆಕ್ಕು ಬೆಳಿಗ್ಗೆಯಿಂದ ಮನೆಯ ಕಡೆ ಬಂದಿಲ್ಲ. ಎಲ್ಲಿಗೆ ಹೋಯಿತೋ.